ಆ್ಯಪ್‌ನಲ್ಲಿ ಅಮ್ಮನಿಗೆ ಕಾಲಂ ಇಲ್ಲ

ನಮ್ಮ ಅಂಗನವಾಡಿ ಕಾರ್ಯಕರ್ತೆಯರ ತಿಂಗಳ ಮೀಟಿಂಗ್‌ನಲ್ಲಿ ಸೂಪರ್‌ವೈಸರ್ ಮೇಡಂ ಮೊದಲು ಕೇಳುವುದೇ ಮಕ್ಕಳ ತೂಕ, ಎತ್ತರ ತುಂಬಿಸುವ ಪೋಷಣ್ ಟ್ರ್ಯಾಕರ್ ಆ್ಯಪ್‌ನ ಎಂಟ್ರಿ. ಮ್ಯಾಮ್ ಎಷ್ಟು, ಸ್ಯಾಮ್ ಎಷ್ಟು, ಅಂದರೆ ಸಾಧಾರಣ ಅಪೌಷ್ಟಿಕತೆಯ ಮಕ್ಕಳೆಷ್ಟು, ತೀವ್ರ ಅಪೌಷ್ಟಿಕತೆಯವರೆಷ್ಟು. ನನ್ನ ಕೇಂದ್ರದ ಒಂದು ಹೆಸರು ಮ್ಯಾಮ್ ಪಟ್ಟಿ ಬಿಟ್ಟು ಹೋಗುತ್ತಲೇ ಇರಲಿಲ್ಲ. ಒಂದೂವರೆ ವರ್ಷದ ಗಂಡು ಮಗು. ತೋಳಿಗೆ ಅಳತೆ ಪಟ್ಟಿ ಸುತ್ತಿದರೆ ಹಳದಿಯಲ್ಲೇ ನಿಲ್ಲುತ್ತಿತ್ತು, 11.5 ಸೆಂಟಿಮೀಟರ್‌ನ ಕೆಂಪು ಗಡಿಗೆ ತಾಗಿಕೊಂಡು. "ಮನೆಭೇಟಿ ಮಾಡ್ತೀರೋ ಇಲ್ವೋ?" ಎಂದು ಮೇಡಂ ಎಲ್ಲರೆದುರೇ ಕೇಳಿದರು.

ಮಾಡುತ್ತಿದ್ದೆ. ಹೋದಾಗೆಲ್ಲ ರಾಗಿ ಸರಿ, ಮೊಟ್ಟೆ, ಒಂದು ಚಮಚ ಎಣ್ಣೆ ಅಂತ ಪಾಠ ಒಪ್ಪಿಸಿ ಬರುತ್ತಿದ್ದೆ. ಮಗುವಿನ ತಾಯಿ ತಲೆಯಾಡಿಸುತ್ತಿದ್ದಳು. ಅಂಗನವಾಡಿಯಿಂದ ಕೊಡುವ ಪೌಷ್ಟಿಕ ಹಿಟ್ಟಿನ ಪುಷ್ಟಿ ಪ್ಯಾಕೆಟ್ ಒಡೆಯದೇ ಮೂಲೆಯಲ್ಲಿರುತ್ತಿತ್ತು. ಮಗು ಯಾವಾಗಲೂ ಎಂಟನೇ ಕ್ಲಾಸಿನ ಅಕ್ಕನ ಸೊಂಟದ ಮೇಲೆ. "ಸ್ಕೂಲಿಗೆ ಹೋಗಿಲ್ವೇನೇ?" ಅಂದರೆ "ಅವ್ವಂಗೆ ಹುಷಾರಿಲ್ಲ ಟೀಚರ್" ಅನ್ನುತ್ತಿದ್ದಳು. ಸೋಮಾರಿ ಹೆಂಗಸು ಅಂದುಕೊಂಡೆ. ಮನೆಭೇಟಿ ಪುಸ್ತಕದಲ್ಲಿ 'ತಾಯಿಯ ನಿರ್ಲಕ್ಷ್ಯ' ಅಂತ ನನ್ನ ಅಕ್ಷರದಲ್ಲೇ ಇದೆ.

ಆಮೇಲೆ ಬಂತು ಆ್ಯಪ್‌ಗೆ ಮುಖ ತೋರಿಸುವ ರಗಳೆ. ತಾಯಿಯೇ ಬಂದು ಫೋನಿನ ಮುಂದೆ ನಿಲ್ಲಬೇಕು, ಆಗಲೇ ಪ್ಯಾಕೆಟ್. ಇಂಜೆಕ್ಷನ್ ದಿನ ಆಕೆಯನ್ನು ಕರೆಸಿದೆ. "ನೆಟ್ಟಗೆ ನೋಡು, ಕಣ್ಣು ಮಿಟುಕಿಸು." ಆಗಲಿಲ್ಲ. ಬಾಗಿಲ ಬೆಳಕಿಗೆ ನಿಲ್ಲಿಸಿದೆ. ಸರ್ವರ್ ಸುತ್ತುತ್ತಲೇ ಇತ್ತು. ಹಿಂದೆ ಸಾಲು, ಮಕ್ಕಳ ಗಲಾಟೆ. "ಸ್ವಲ್ಪ ಮುಖ ಎತ್ತಮ್ಮ, ನಂಗೂ ಬೇರೆ ಕೆಲಸ ಇದೆ" ಎಂದು ರೇಗಿದೆ. ಎತ್ತಿದಳು. ಕಣ್ಣು ಮಿಟುಕಿಸಿದ್ದೇ ತಡ, ನೀರು ಧಾರೆಧಾರೆ. ಏನು ಮಾಡಬೇಕೆಂದು ತೋಚದೆ ಫೋನ್ ಹಿಡಿದುಕೊಂಡೇ ನಿಂತೆ. ಸಾಲು ಗಪ್‌ಚುಪ್.

ಆಶಾ ಅಕ್ಕ ಎದ್ದು ಬಂದು ಆಕೆಯನ್ನು ಅಡುಗೆಕೋಣೆಗೆ ಕರೆದೊಯ್ದರು. ಮೊಟ್ಟೆ ವಿಷಯ ಎತ್ತಲಿಲ್ಲ. "ರಾತ್ರಿ ನಿದ್ದೆ ಬರ್ತದೇನವ್ವ?" ಅಷ್ಟೇ. ಹೆರಿಗೆ ಆದಾಗಿನಿಂದ ಸರಿಯಾಗಿ ಇಲ್ಲವಂತೆ. ಮಗು ಅತ್ತರೂ ಏಳಲು ಮನಸ್ಸೇ ಬರಲ್ಲವಂತೆ. "ಇವನನ್ನ ಇಲ್ಲೇ ಇಟ್ಕೊಂಬುಡಿ ಅಕ್ಕ, ನಾನಿಲ್ದಿದ್ರೂ ನಡೀತದೆ" ಅಂದಾಗ ಅಕ್ಕ ನನ್ನ ಕಡೆ ನೋಡಿದರು. ಇಂಥ ಮಾತು ಕೇಳಿದ ಮೇಲೆ ಒಬ್ಬಳನ್ನೇ ಮನೆಗೆ ಕಳಿಸುವಂತಿಲ್ಲ. ಅಲ್ಲಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿದೆವು, ಕನ್ನಡದಲ್ಲೇ ಮಾತಾಡಿದರು. ಗಂಡನನ್ನು ಹೊಲದಿಂದ ಕರೆಸಿ ಆವತ್ತೇ ಪಿಎಚ್‌ಸಿಗೆ ಹೊರಡಿಸಿದೆವು.

ಡಾಕ್ಟರ್ ಬೈಯಲಿಲ್ಲ, ಅದೇ ಜಾಸ್ತಿ ನಾಟಿತು. ಬಾಣಂತನದ ಖಿನ್ನತೆ ಇರುವ ತಾಯಂದಿರ ಮಕ್ಕಳು ಆರು ತಿಂಗಳಿಗೇ ತೂಕ, ಉದ್ದದಲ್ಲಿ ಹಿಂದೆ ಬೀಳುತ್ತಾರೆ ಎಂದು ಗೋವಾದ ಅಧ್ಯಯನವೊಂದು 2003ರಲ್ಲೇ ತೋರಿಸಿದೆಯಂತೆ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಮ್ಮಂಥ ಕಾರ್ಯಕರ್ತೆಯರೇ ತರಬೇತಿ ಪಡೆದು, ಮನೆಗೆ ಹೋಗಿ ಮಾತಾಡಿಸಿದ್ದಕ್ಕೆ ಖಿನ್ನತೆ ಉಳಿದ ತಾಯಂದಿರಿಗೆ ಹೋಲಿಸಿದರೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಮಕ್ಕಳ ತೂಕದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಭೇದಿ ಮಾತ್ರ ತಗ್ಗಿತು, ಲಸಿಕೆ ಜಾಸ್ತಿ ಮಕ್ಕಳಿಗೆ ಪೂರ್ತಿಯಾಯಿತು. ನಮ್ಮ ಮೀಟಿಂಗ್‌ನಲ್ಲಿ ಇದನ್ನು ಹೇಳಿದರೆ "ತೂಕ ಏರಿಲ್ಲ ಅಂದ್ಮೇಲೆ ಏನು ಪ್ರಯೋಜನ?" ಅಂತಾರೆ. ತೂಕ ನೋಡಿ, ಬೇಡ ಅನ್ನಲ್ಲ. ಆದರೆ ತಕ್ಕಡಿ ತೆಗೆಯುವ ಮೊದಲು ಅಮ್ಮನನ್ನು ಎರಡು ಮಾತು ಕೇಳಿ.

ಆಕೆ ಈಗ ಮಾನಸಿಕ ಆರೋಗ್ಯಕ್ಕೆಂದೇ ಇರುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ ಹೋಗುತ್ತಾಳೆ. ಮಗುವಿನ ತೋಳು ನಿಧಾನಕ್ಕೆ ತುಂಬಿಕೊಳ್ಳುತ್ತಿದೆ. ಯಾರ ಪಟ್ಟಿಯಲ್ಲೂ ಇಲ್ಲದವಳು ಎಂಟನೇ ಕ್ಲಾಸಿನ ಆ ಹುಡುಗಿ. ಸ್ಕೂಲಿಗೇನೋ ಹೋಗುತ್ತಿದ್ದಾಳೆ. ಬಿಡುವು ಸಿಕ್ಕರೆ ಸಾಕು, ಅವ್ವ ಉಂಡಳಾ ನೋಡಲು ಮನೆಗೆ ಓಡುತ್ತಾಳಂತೆ, ಆಮೇಲಿನ ಗಣಿತದ ಪೀರಿಯಡ್ ತಪ್ಪುತ್ತದೆ ಎಂದು ಮೇಷ್ಟ್ರು ದೂರು ಹೇಳಿದರು. ಬೈಬೇಡಿ ಸಾರ್ ಅಂದಿದ್ದೇನೆ. ಹದಿಹರೆಯದವರಿಗಾಗಿ ಇರುವ ಸ್ನೇಹಾ ಕ್ಲಿನಿಕ್‌ನ ಕೌನ್ಸೆಲರ್ ಹತ್ತಿರ ಅವಳನ್ನೂ ಕರೆದುಕೊಂಡು ಹೋಗಬೇಕು.