ಬೇರೆಯವರು ಕಟ್ಟಿದ ಕಿಟ್ ವಿಮಾನ ಕೊಂಡ ಮೇಲೆ

ಬಿಡಿಭಾಗಗಳನ್ನು ಕೊಂಡು ಹವ್ಯಾಸಿಗಳೇ ಜೋಡಿಸುವ ಕಿಟ್ ವಿಮಾನ ಅಂದ ಕೂಡಲೇ ಎಲ್ಲರೂ ಕಟ್ಟುವ ಮಾತನ್ನೇ ಆಡುತ್ತಾರೆ. ವರ್ಷಗಟ್ಟಲೆ ಶೆಡ್ಡಿನಲ್ಲಿ ಕೂತು ರಿವೆಟ್ ಹೊಡೆದದ್ದು, ರೆಕ್ಕೆಗೆ ಬಟ್ಟೆ ಅಂಟಿಸಿ ಇಸ್ತ್ರಿಪೆಟ್ಟಿಗೆಯಿಂದ ಬಿಗಿ ಮಾಡಿದ್ದು, ಹೀಗೆ. ಆ ಕಥೆಗಳು ನನಗೂ ತುಂಬ ಇಷ್ಟ. ಆದರೆ ನನ್ನ ವಿಮಾನವನ್ನು ಕಟ್ಟಿದ್ದು ಬೇರೆಯವರು, ನಾನು ಕೊಂಡವನು. ಎರಡು ಸೀಟು, ಮೇಲ್ಗಡೆ ರೆಕ್ಕೆ, ಬಾಲದ ತುದಿಯಲ್ಲಿ ಪುಟ್ಟ ಚಕ್ರ, ಮುಂದೆ 100 ಅಶ್ವಶಕ್ತಿಯ ರೋಟಾಕ್ಸ್ 912 ಇಂಜಿನ್. ನನ್ನ ಹಾಗೆ ಸೆಕೆಂಡ್ ಹ್ಯಾಂಡ್ ಕೊಂಡು ಹಾರಿಸುವವರು ಬೇಕಾದಷ್ಟು ಜನ ಇದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕಾರ್ಖಾನೆಯಿಂದ ಬಂದ ಒಂದೇ ಮಾದರಿಯ ಎರಡು ವಿಮಾನಗಳಲ್ಲಿ ಒಂದನ್ನು ಬಲ್ಲವರಿಗೆ ಇನ್ನೊಂದೂ ಹೆಚ್ಚುಕಮ್ಮಿ ಗೊತ್ತಿರುತ್ತದೆ. ಕಿಟ್ ವಿಮಾನದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಮಾದರಿಯ ಹೆಸರು ಒಂದೇ ಇರಬಹುದು, ಆದರೆ ಇಂಧನದ ವಾಲ್ವ್ ಎಲ್ಲಿರಬೇಕು, ಯಾವ ಸ್ವಿಚ್ಚು ಮೇಲೆ ಯಾವುದು ಕೆಳಗೆ, ಯಾವ ವೈರು ಯಾವ ಬಣ್ಣ, ಇದೆಲ್ಲ ಕಟ್ಟಿದವರ ತೀರ್ಮಾನ. ಅಮೆರಿಕದ ನಿಯಮದ ಪ್ರಕಾರ ಕೆಲಸದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹವ್ಯಾಸಿಗಳೇ ಮಾಡಿರಬೇಕು. ಅಂದರೆ ಇಂಥ ವಿಮಾನ ಕೊಂಡವರು ಅರ್ಧಕ್ಕಿಂತ ಜಾಸ್ತಿ ಕೊಂಡಿರುವುದು ಬೇರೊಬ್ಬರ ಕೈಕೆಲಸ ಮತ್ತು ಯೋಚನೆಯನ್ನು. ಅದನ್ನು ಓದಿಕೊಳ್ಳದೆ ಹಾರಬಾರದು. ನನಗೆ ಹೇಳಬೇಕಾಗಿರುವುದು ಇದೊಂದೇ.

ಗಾಯಕ ಜಾನ್ ಡೆನ್ವರ್ ತೀರಿಕೊಂಡಿದ್ದು ಇಂಥದ್ದೇ ಒಂದು ವಿಮಾನದಲ್ಲಿ. 1997ರ ಅಕ್ಟೋಬರ್ 12, ಕ್ಯಾಲಿಫೋರ್ನಿಯಾದ ಮಾಂಟೆರೆ ಹತ್ತಿರದ ಸಮುದ್ರ. ಬರ್ಟ್ ರುಟಾನ್ ವಿನ್ಯಾಸ ಮಾಡಿದ ಲಾಂಗ್-ಈಜಿ ಅದು, ನಕ್ಷೆ ನೋಡಿಕೊಂಡು ಕಟ್ಟುವ ವಿಮಾನ. ಡೆನ್ವರ್ ಅದನ್ನು ಆಗಷ್ಟೇ ಕೊಂಡಿದ್ದರು. ಇಂಧನವನ್ನು ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಿಸುವ ಹಿಡಿ ನಕ್ಷೆಯಲ್ಲಿ ಪೈಲಟ್‌ನ ಎರಡು ಕಾಲಿನ ನಡುವೆ ಇತ್ತು. ಕಟ್ಟಿದವರು ಅದನ್ನು ಪೈಲಟ್‌ನ ಎಡ ಭುಜದ ಹಿಂದಕ್ಕೆ ಸರಿಸಿದ್ದರು. ಅದನ್ನು ತಿರುಗಿಸಬೇಕಾದರೆ ಮೈ ತಿರುಚಿ ಹಿಂದಕ್ಕೆ ಕೈ ಚಾಚಬೇಕು, ಹಾಗೆ ತಿರುಚುವಾಗ ಬಲಗಾಲು ತಾನಾಗಿಯೇ ರಡ್ಡರ್ ಪೆಡಲ್ಲನ್ನು, ಅಂದರೆ ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸುವ ಪೆಡಲ್ಲನ್ನು, ಒತ್ತುತ್ತದೆ. ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ಹೇಳಿದ್ದೂ ಇದನ್ನೇ: ಹಿಡಿ ತಿರುಗಿಸಲು ಹೋದಾಗ ಗಮನ ಬೇರೆಡೆಗೆ ಹೋಯಿತು, ಗೊತ್ತಿಲ್ಲದೆ ಬಲ ರಡ್ಡರ್ ಒತ್ತಿದಂತಾಯಿತು, ವಿಮಾನ ಹಿಡಿತ ತಪ್ಪಿತು. ಇಂಧನ ತುಂಬಿಸಿಕೊಳ್ಳದೆ ಹೊರಟಿದ್ದು, ಹಿಡಿಯ ಮೇಲಾಗಲಿ ಇಂಧನದ ಮಟ್ಟ ತೋರಿಸುವ ಗಾಜಿನ ಮೇಲಾಗಲಿ ಗುರುತು ಇಲ್ಲದಿದ್ದದ್ದು, ಆ ಮಾದರಿಯಲ್ಲಿ ಸಾಕಷ್ಟು ತರಬೇತಿ ಇಲ್ಲದಿದ್ದದ್ದು, ಇವೂ ಕಾರಣಗಳ ಪಟ್ಟಿಯಲ್ಲಿದ್ದವು. ಅವರೇನೂ ಹೊಸ ಪೈಲಟ್ ಆಗಿರಲಿಲ್ಲ. ಆ ವಿಮಾನಕ್ಕೆ ಹೊಸಬರಾಗಿದ್ದರು, ಅಷ್ಟೆ.

2012ರಲ್ಲಿ ಅದೇ ಎನ್‌ಟಿಎಸ್‌ಬಿ ಹವ್ಯಾಸಿಗಳು ಕಟ್ಟಿದ ವಿಮಾನಗಳ ಬಗ್ಗೆ ಒಂದು ದೊಡ್ಡ ಅಧ್ಯಯನ ಹೊರತಂದಿತು. ಅಪಘಾತಗಳಲ್ಲಿ ಎದ್ದು ಕಂಡದ್ದು ಎರಡು: ಇಂಜಿನ್ ತೊಂದರೆ, ಹಾರುವಾಗ ಹಿಡಿತ ತಪ್ಪುವುದು. 2011ರಲ್ಲಿ ಅಪಘಾತವಾದ ಇಂಥ ವಿಮಾನಗಳಲ್ಲಿ, ಕಟ್ಟಿದವರೇ ಇಟ್ಟುಕೊಂಡಿದ್ದಕ್ಕಿಂತ ಬೇರೆಯವರಿಂದ ಕೊಂಡಿದ್ದೇ ಹೆಚ್ಚು. ಅದೂ ಎಷ್ಟೋ ಅಪಘಾತ ಆಗಿದ್ದು ಕೊಂಡ ಹೊಸದರಲ್ಲಿ. ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಕಟ್ಟಿದವರಿಗೆ ಪ್ರತಿ ಬೋಲ್ಟು ಪರಿಚಯ. ಕೊಂಡವರಿಗೆ ಬಣ್ಣ ಮಾತ್ರ ಕಾಣುತ್ತದೆ.

ಹಾಗಾದರೆ ಓದಿಕೊಳ್ಳುವುದು ಹೇಗೆ? ಮೊದಲು ಕಟ್ಟಿದವರ ಜೊತೆ ಕೂತು ಮಾತಾಡಬೇಕು, ಅವರು ಸಿಗುವ ಹಾಗಿದ್ದರೆ. ನಕ್ಷೆಯಿಂದ ಎಲ್ಲೆಲ್ಲಿ ದೂರ ಸರಿದಿರಿ, ಯಾಕೆ ಸರಿದಿರಿ ಅಂತ ನೇರವಾಗಿ ಕೇಳಿ. ತಮ್ಮ ಕೆಲಸದ ಬಗ್ಗೆ ಪ್ರೀತಿ ಇರುವವರು ಖುಷಿಯಿಂದ ಹೇಳುತ್ತಾರೆ. ಕಟ್ಟುವಾಗ ತೆಗೆದ ಫೋಟೋಗಳನ್ನು ಕೇಳಿ ತೆಗೆದುಕೊಳ್ಳಿ. ಈಗ ತಗಡಿನ ಹಿಂದೆ, ಬಟ್ಟೆಯ ಕೆಳಗೆ ಮುಚ್ಚಿಹೋಗಿರುವುದನ್ನು ನೋಡಲು ಅದಕ್ಕಿಂತ ಒಳ್ಳೆ ದಾರಿ ಇಲ್ಲ. ವೈರಿಂಗ್ ನಕ್ಷೆ ಇಲ್ಲದಿದ್ದರೆ ನೀವೇ ಒಂದೊಂದೇ ವೈರು ಹಿಡಿದು ಬರೆದುಕೊಳ್ಳಿ. ಬೇಜಾರಿನ ಕೆಲಸ, ಆದರೆ ಡ್ಯಾಶ್‌ಬೋರ್ಡಿನ ಹಿಂದೆ ತಲೆ ತೂರಿಸಿ ಮಲಗಿದಾಗ ಎಷ್ಟೊಂದು ವಿಷಯ ಬಯಲಾಗುತ್ತದೆ ಗೊತ್ತಾ? ಇನ್ನೊಂದು ಮಾತು: ಅಮೆರಿಕದಲ್ಲಿ ಕಟ್ಟಿದವರಿಗೆ ತಮ್ಮ ಆ ಒಂದು ವಿಮಾನವನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿ ಸಹಿ ಹಾಕುವ ಪ್ರಮಾಣಪತ್ರ ಸಿಗುತ್ತದೆ. ವಿಮಾನ ಮಾರಿದರೆ ಆ ಪತ್ರ ವಿಮಾನದ ಜೊತೆ ಹೋಗುವುದಿಲ್ಲ. ಅವರ ತಲೆಯೊಳಗಿನ ತಿಳಿವಳಿಕೆಯೂ ಹೋಗುವುದಿಲ್ಲ. ಕೇಳಿ ಬರೆದುಕೊಂಡಷ್ಟೇ ನಮ್ಮದು.

ಇಂಜಿನ್‌ಗೆ ಬರೋಣ. ನಾನು ಅತಿ ಹೆಚ್ಚು ಸಮಯ ಕೊಡುವುದು ಇಂಜಿನ್ ಮತ್ತು ಇಂಧನದ ಹಾದಿಗೆ. ಕಟ್ಟುವವರು ರೆಕ್ಕೆಯ ಮೇಲೆ ಪ್ರಾಣ ಇಟ್ಟಿರುತ್ತಾರೆ, ಪೆಟ್ರೋಲ್ ಪೈಪು ಹಾಕುವ ಹೊತ್ತಿಗೆ ಬೇಗ ಹಾರಿಬಿಡೋಣ ಅನ್ನುವ ಆತುರ ಬಂದಿರುತ್ತದೆ. ಇದು ನಾನು ಹಲವು ವಿಮಾನಗಳಲ್ಲಿ ನೋಡಿದ್ದು.

ರೋಟಾಕ್ಸ್ 912ರಲ್ಲಿ ರಬ್ಬರಿನ ಭಾಗಗಳನ್ನೆಲ್ಲ ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಎಷ್ಟು ಗಂಟೆ ಹಾರಿದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, ಹ್ಯಾಂಗರಿನಲ್ಲಿ ಸುಮ್ನೆ ನಿಂತಿದ್ದರೂ ರಬ್ಬರು ಮುದಿಯಾಗುತ್ತದೆ. ನಾನು ಹಳೇ ಪೈಪುಗಳನ್ನು ಕಳಚಿದ ಮೇಲೆ ಎಸೆಯುವುದಿಲ್ಲ. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಒಳಗೆ ನೋಡುತ್ತೇನೆ. ಹೀಗೆ ಸೀಳಿದ ಒಂದು ತುಂಡಿನಲ್ಲಿ, ಲೋಹದ ತುದಿಗೆ ಸಿಕ್ಕಿಸಿದ್ದ ಜಾಗದ ಪಕ್ಕದಲ್ಲೇ, ಒಳಗೋಡೆಯ ರಬ್ಬರು ಕೆತ್ತಿ ಎದ್ದಿತ್ತು. ಒಂದು ಬದಿ ಮಾತ್ರ ಅಂಟಿಕೊಂಡಿತ್ತು, ಉಗುರಿನಲ್ಲಿ ಎತ್ತಿದರೆ ನಾಲಿಗೆಯ ಹಾಗೆ ಮೇಲೇಳುತ್ತಿತ್ತು. ಪೈಪನ್ನು ಒಣ ತುದಿಯ ಮೇಲೆ ಬಲವಂತವಾಗಿ ತುರುಕುವಾಗ ಲೋಹದ ಚೂಪು ಅಂಚು ಹೀಗೆ ಕೆರೆದುಬಿಡುತ್ತದೆ. ಹೊರಗಿನಿಂದ ನೋಡಿದರೆ ಪೈಪು ಸರಿಯಾಗಿಯೇ ಇತ್ತು. ಕ್ಲಿಪ್ಪು ಬಿಗಿಯಾಗಿತ್ತು, ಸೋರಿಕೆ ಇರಲಿಲ್ಲ. ಆದರೆ ಪೂರ್ತಿ ಥ್ರಾಟಲ್ ಕೊಟ್ಟಾಗ, ಅಂದರೆ ಇಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟಾಗ, ಇಂಧನ ಜೋರಾಗಿ ಹರಿಯುವಾಗ, ಆ ಸಿಪ್ಪೆ ದಾರಿಗೆ ಅಡ್ಡ ಬಂದು ಕೂರಬಹುದು. ಪೂರ್ತಿ ಥ್ರಾಟಲ್ ಬೇಕಾಗುವುದು ಯಾವಾಗ? ನೆಲ ಬಿಟ್ಟು ಮೇಲೇರುವಾಗ.

ಆದ್ದರಿಂದ ಇಂಧನದ ಹಾದಿಯಲ್ಲಿ ಏನೇ ಮುಟ್ಟಿದರೂ ಹರಿವನ್ನು ಅಳೆಯಲೇಬೇಕು. ವಿಮಾನದ ಮೂಗನ್ನು ಮೇಲೇರುವಾಗ ಇರುವಷ್ಟು ಎತ್ತಿ ನಿಲ್ಲಿಸಿ, ಕಾರ್ಬೊರೇಟರಿನ ಹತ್ತಿರ ಪೈಪು ಬಿಚ್ಚಿ, ಅಳತೆಯ ಡಬ್ಬಕ್ಕೆ ಬಿಟ್ಟು, ಗಡಿಯಾರ ನೋಡುವುದು. ಟ್ಯಾಂಕ್ ಮೇಲಿದ್ದು ತಾನಾಗಿ ಇಳಿದು ಬರುವ ವ್ಯವಸ್ಥೆಯಾದರೆ, ಇಂಜಿನ್ ಪೂರ್ತಿ ಶಕ್ತಿಯಲ್ಲಿ ಕುಡಿಯುವುದರ ಒಂದೂವರೆ ಪಟ್ಟು ಹರಿಯಬೇಕು. ಪಂಪು ಇದ್ದರೆ ಒಂದೂಕಾಲು ಪಟ್ಟು. ನನ್ನ ಇಂಜಿನ್ ಪೂರ್ತಿ ಶಕ್ತಿಯಲ್ಲಿ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ, ಹಾಗಾಗಿ ಪಂಪಿಲ್ಲದೆ 40 ಲೀಟರಿನ ಆಸುಪಾಸು ಬರಬೇಕು. ಎರಡೂ ಟ್ಯಾಂಕಿಗೆ ಬೇರೆಬೇರೆ ಅಳೆಯಿರಿ. ಟ್ಯಾಂಕಿನಲ್ಲಿ ಇಂಧನ ಕಡಿಮೆ ಇರುವಾಗಲೇ ಅಳೆಯಿರಿ, ತುಂಬಿದ ಟ್ಯಾಂಕಿನ ಒತ್ತಡ ಸುಳ್ಳು ಧೈರ್ಯ ಕೊಡುತ್ತದೆ. ಪೆಟ್ರೋಲ್ ತೆರೆದಿಟ್ಟು ಮಾಡುವ ಕೆಲಸ ಇದು. ಹೊರಗೆ ಬಯಲಿನಲ್ಲಿ ಮಾಡಿ, ವಿಮಾನಕ್ಕೂ ಡಬ್ಬಕ್ಕೂ ಅರ್ಥಿಂಗ್ ಕೊಡಿ.

ಇಂಜಿನ್ನಿನ ಎರಡು ಬಿಂಗ್ ಕಾರ್ಬೊರೇಟರುಗಳ ಬಗ್ಗೆ ಒಂದು ಮಾತು. ತಳದ ಬಟ್ಟಲನ್ನು ಸ್ಪ್ರಿಂಗ್ ತಂತಿ ಸರಿಸಿ ಕೈಯಲ್ಲೇ ಬಿಚ್ಚಬಹುದು. ಒಳಗೆ ಪೆಟ್ರೋಲಿನಲ್ಲಿ ತೇಲುತ್ತಾ ಅದರ ಮಟ್ಟ ಕಾಯುವ ಎರಡು ಪುಟ್ಟ ಫ್ಲೋಟ್ ಇರುತ್ತವೆ. ಅವು ಪೆಟ್ರೋಲ್ ಹೀರಿಕೊಂಡು ಭಾರವಾದರೆ ಮುಳುಗುತ್ತವೆ, ಬಟ್ಟಲಿನ ಮಟ್ಟ ಏರುತ್ತದೆ, ಇಂಜಿನ್ ಕಡಿಮೆ ವೇಗದಲ್ಲಿ ಒರಟಾಗಿ ಓಡುತ್ತದೆ. ಜೋಡಿ ಫ್ಲೋಟ್‌ಗಳ ತೂಕ 7 ಗ್ರಾಂ ದಾಟಬಾರದು. ಒಡವೆ ತೂಗುವಂಥ ಸಣ್ಣ ತಕ್ಕಡಿ ಸಾಕು. ಇಂಜಿನ್ ಓಡಿಸಿ ನಿಲ್ಲಿಸಿದ ಕೂಡಲೇ ತೂಗಿ, ಒಣಗಿದ ಮೇಲೆ ತೂಗಿದರೆ ಹೀರಿದ್ದು ಗೊತ್ತಾಗುವುದಿಲ್ಲ. ಥ್ರಾಟಲ್ ಕೇಬಲ್ ತುಂಡಾದರೆ ಏನಾಗುತ್ತದೆ ಅಂತಲೂ ತಿಳಿದಿರಬೇಕು. ಕಂಪನಿಯವರು ಹಾಕಿ ಕೊಡುವ ಸ್ಪ್ರಿಂಗು ಕಾರ್ಬೊರೇಟರನ್ನು ಪೂರ್ತಿ ತೆರೆದ ಕಡೆಗೆ ಎಳೆಯುತ್ತದೆ, ಇಂಜಿನ್ ಶಕ್ತಿ ಕಳೆದುಕೊಳ್ಳಬಾರದು ಅಂತ. ಕೆಲವರು ಕಟ್ಟುವಾಗ ಇದನ್ನು ಬದಲಿಸಿರುತ್ತಾರೆ. ನಿಮ್ಮ ವಿಮಾನದಲ್ಲಿ ಯಾವುದಿದೆ ಅಂತ ನೆಲದ ಮೇಲೇ ನೋಡಿಕೊಳ್ಳಿ.

ತೂಕದ ಕಾಗದವನ್ನು ನಂಬಬೇಡಿ. ಲಾಗ್‌ಬುಕ್ಕಿನಲ್ಲಿರುವ ಖಾಲಿ ತೂಕ ಮೊದಲ ಹಾರಾಟದ ದಿನದ್ದಾಗಿರುತ್ತದೆ. ಆಮೇಲೆ ಬಣ್ಣ ಬಂತು, ಸೀಟಿನ ಹೊದಿಕೆ ಬಂತು, ಬಾಲದಲ್ಲೊಂದು ಟ್ರಿಮ್ ಮೋಟರ್ ಬಂತು. ಬಾಲದಲ್ಲಿ ಸೇರಿಸಿದ ಒಂದು ಕಿಲೋ, ಅಷ್ಟು ದೂರದಲ್ಲಿರುವುದರಿಂದ, ಗುರುತ್ವ ಕೇಂದ್ರವನ್ನು ಹಿಂದಕ್ಕೆ ಎಳೆಯುವುದು ಸೀಟಿನ ಹತ್ತಿರದ ಒಂದು ಕಿಲೋಗಿಂತ ಎಷ್ಟೋ ಜಾಸ್ತಿ. ಕೇಂದ್ರ ತೀರಾ ಹಿಂದೆ ಹೋದರೆ, ಸ್ಟಾಲ್ ಆದಾಗ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದೆ ಹೋದಾಗ, ಮೂಗು ಕೆಳಗೆ ಬರುವುದೇ ಕಷ್ಟ. ಮೂರು ಚಕ್ರದ ಕೆಳಗೂ ತೂಕದ ಯಂತ್ರ ಇಟ್ಟು, ಹಾರುವಾಗಿನ ಮಟ್ಟಕ್ಕೆ ನಿಲ್ಲಿಸಿ, ಮತ್ತೆ ತೂಗಿ. ಒಂದು ಬೆಳಗಿನ ಕೆಲಸ.

ವೇಗದ ಮಾಪಕವೂ ಅಷ್ಟೆ. ಅದು ವೇಗ ತೋರಿಸುವುದು ಗಾಳಿಯ ಒತ್ತಡವನ್ನು ಹಿಡಿದು. ಇದರಲ್ಲಿ ನನಗೆ ತುಂಬ ಇಷ್ಟವಾದ ಒಂದು ಉದಾಹರಣೆ ಇದೆ. ವ್ಯಾನ್ಸ್ ಕಂಪನಿಯ ಆರ್‌ವಿ ವಿಮಾನಗಳಲ್ಲಿ ಹೊರಗಿನ ಗಾಳಿಯ ಒತ್ತಡ ಹಿಡಿಯುವ ರಂಧ್ರಕ್ಕೆ ಸಾಮಾನ್ಯ ಪಾಪ್ ರಿವೆಟ್ಟನ್ನೇ ಬಳಸುವುದು ರೂಢಿ. ಅದರ ಗುಂಡು ತಲೆ ಮೈಯಿಂದ ಒಂದಿಷ್ಟು ಹೊರಗೆ ಉಬ್ಬಿರುತ್ತದೆ. ಚೆನ್ನಾಗಿ ಕಾಣಲಿ ಅಂತ ಅದರ ಬದಲು ಮೈಗೆ ಸಮವಾಗಿ ಕೂರುವ ಬಿಲ್ಲೆ ಹಾಕಿದವರ ಮಾಪಕ ತಪ್ಪು ವೇಗ ತೋರಿಸುತ್ತದೆ. ಅಷ್ಟು ಸಣ್ಣ ಉಬ್ಬು ಅಲ್ಲಿಯ ಗಾಳಿಯ ಒತ್ತಡವನ್ನು ಬದಲಿಸುತ್ತದೆ! ಆದ್ದರಿಂದ ಕೈಪಿಡಿಯಲ್ಲಿ ಬರೆದ ಸ್ಟಾಲ್ ವೇಗ ನಿಮ್ಮ ಮಾಪಕದಲ್ಲಿ ಅದೇ ಅಂಕಿ ಆಗಿರಬೇಕಿಲ್ಲ. ಸಾಕಷ್ಟು ಎತ್ತರಕ್ಕೆ ಹೋಗಿ, ಆ ಮಾದರಿ ಗೊತ್ತಿರುವ ಶಿಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಮ್ಮ ವಿಮಾನ ಯಾವ ಅಂಕಿಯಲ್ಲಿ ನಡುಗುತ್ತದೆ, ಯಾವ ಅಂಕಿಯಲ್ಲಿ ಬೀಳುತ್ತದೆ ಅಂತ ನೋಡಿ ಬರೆದುಕೊಳ್ಳಿ.

ಅದೇ ಎತ್ತರದಲ್ಲಿ ಇನ್ನೊಂದು ಅಭ್ಯಾಸವನ್ನೂ ಮಾಡಿ. ಮೇಲೇರುವ ಭಂಗಿಯಲ್ಲಿರುವಾಗ ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದು ಶಕ್ತಿ ತೆಗೆದುಬಿಡಿ. ನನ್ನಂಥ ಹಗುರ ವಿಮಾನಕ್ಕೆ ತೂಕ ಕಡಿಮೆ, ಗಾಳಿಯ ಎಳೆತ ಜಾಸ್ತಿ. ಭಾರದ ವಿಮಾನ ಕೊಡುವ ಸಮಯ ಇದು ಕೊಡುವುದಿಲ್ಲ. ಶಕ್ತಿ ನಿಂತ ಕ್ಷಣದಲ್ಲೇ ವೇಗ ಇಳಿಯಲು ಶುರುವಾಗುತ್ತದೆ. ಮೂಗು ತಗ್ಗಿಸಲು ಕೈ ಮೊದಲು ಸ್ಟಿಕ್ಕನ್ನು ಮುಂದಕ್ಕೆ ತಳ್ಳಬೇಕು, ಏನಾಯಿತು ಅನ್ನುವ ಯೋಚನೆ ಆಮೇಲೆ. ದೊಡ್ಡ ವಿಮಾನಗಳಲ್ಲಿ ಸಾವಿರಾರು ಗಂಟೆ ಹಾರಿಸಿದವರಿಗೂ ಇದು ಹೊಸದಾಗಿಯೇ ಇರುತ್ತದೆ, ಅವರ ಕೈಗೆ ಬೇರೆ ಅಭ್ಯಾಸ ಆಗಿರುತ್ತದೆ. ಮೇಲೇರುವಾಗ ಇಂಜಿನ್ ನಿಂತರೆ ರನ್‌ವೇಗೆ ವಾಪಸ್ ತಿರುಗುವ ಆಸೆಯನ್ನು ಕಡಿಮೆ ಎತ್ತರದಲ್ಲಿ ಪೂರ್ತಿ ಬಿಡಿ. ಮುಂದೆ ಏನಿದೆಯೋ ಅಲ್ಲೇ ಇಳಿಸುವುದು.

ಇಷ್ಟೆಲ್ಲ ತಲೆಬಿಸಿ ಯಾಕೆ ಅಂತ ಕೇಳುವವರಿದ್ದಾರೆ. ಈ ಕೆಲಸವೇ ನನಗೆ ಇಷ್ಟ, ಅದಕ್ಕೆ. ಕಾರ್ಖಾನೆಯ ವಿಮಾನದಲ್ಲಿ ನಾನು ಮುಟ್ಟಲಾರದ ಜಾಗಗಳು ಇದರಲ್ಲಿ ಕೈಗೆ ಸಿಗುತ್ತವೆ. ಬೆಳಿಗ್ಗೆ ಎಣ್ಣೆ ನೋಡುವಾಗ, ಪ್ರೊಪೆಲ್ಲರನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತಾ, ಎಣ್ಣೆಯೆಲ್ಲ ಟ್ಯಾಂಕಿಗೆ ಮರಳಿ ಒಳಗಿಂದ ಗುಳುಗುಳು ಸದ್ದು ಬರುವವರೆಗೆ ಕಾಯುವುದಿದೆಯಲ್ಲ, ಅದು ನನ್ನ ಮೆಚ್ಚಿನ ಕೆಲಸ. ಹಾಗೆ ತಿರುಗಿಸುವಾಗ ಒಂದೊಂದು ಸಿಲಿಂಡರಿನ ಬಿಗಿ ಕೈಗೆ ಗೊತ್ತಾಗುತ್ತದೆ. ಇಗ್ನಿಷನ್ ಸ್ವಿಚ್ಚು ಆಫ್ ಇದ್ದರೂ ಇಂಜಿನ್ ಹತ್ತಿಕೊಳ್ಳಬಹುದು ಅಂದುಕೊಂಡೇ ತಿರುಗಿಸಿ. ಆ ಸ್ವಿಚ್ಚಿನ ವೈರು ತುಂಡಾಗಿದ್ದರೆ ಆಫ್ ಅನ್ನುವುದಕ್ಕೆ ಅರ್ಥವಿಲ್ಲ. ಹಿಂದಕ್ಕೆ ಮಾತ್ರ ತಿರುಗಿಸಬೇಡಿ, ಎಣ್ಣೆಯ ಹಾದಿಗೆ ಗಾಳಿ ಸೇರುತ್ತದೆ.

ಸದ್ಯ ನಾನು ಮಾಡುತ್ತಿರುವುದು ಇಂಧನದ ಗುರುತುಗಳ ಕೆಲಸ. ನನ್ನ ವಿಮಾನದಲ್ಲಿ ರೆಕ್ಕೆಯ ಬುಡದಲ್ಲಿ ಪಾರದರ್ಶಕ ನಳಿಗೆ ಇದೆ, ಟ್ಯಾಂಕಿನ ಮಟ್ಟ ಅದರಲ್ಲಿ ಕಾಣುತ್ತದೆ. ಬಾಲದ ಚಕ್ರದ ವಿಮಾನ ನೆಲದ ಮೇಲೆ ಮೂಗೆತ್ತಿ ನಿಂತಿರುತ್ತದೆ, ಗಾಳಿಯಲ್ಲಿ ಸಮವಾಗಿರುತ್ತದೆ, ಹಾಗಾಗಿ ಅಷ್ಟೇ ಇಂಧನಕ್ಕೆ ನಳಿಗೆ ಎರಡು ಬೇರೆ ಮಟ್ಟ ತೋರಿಸುತ್ತದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಐದೈದು ಲೀಟರ್ ಹಾಕುತ್ತಾ, ಪ್ರತಿ ಸಲ ಬಾಲವನ್ನು ಸ್ಟ್ಯಾಂಡಿನ ಮೇಲೆ ಎತ್ತಿ ಒಂದು ಗುರುತು, ಇಳಿಸಿ ಒಂದು ಗುರುತು ಹಾಕುತ್ತಿದ್ದೇನೆ. ನೆಲದ್ದಕ್ಕೆ ಕಪ್ಪು, ಹಾರಾಟದ್ದಕ್ಕೆ ಕೆಂಪು. ಎಡಗಡೆಯದು ಮುಗಿದಿದೆ, ಬಲಗಡೆಯದು ಬಾಕಿ ಇದೆ.