ರಾಜನ ಪಕ್ಕಕ್ಕೇ ಬಂದು ನಿಂತ ರಾಜ

ಮೇ ತಿಂಗಳ ರಾಯಚೂರು, ಮಧ್ಯಾಹ್ನ ಮೂರು ಗಂಟೆ, ಕರೆಂಟ್ ಇಲ್ಲ. ಇಷ್ಟು ಹೇಳಿದರೆ ಇಲ್ಲಿನವರಿಗೆ ಉಳಿದದ್ದು ಗೊತ್ತಾಗುತ್ತದೆ. ರಜೆಗೆ ಬಂದಿದ್ದ ಅಕ್ಕನ ಮಗನ ಮೊಬೈಲ್ ಚಾರ್ಜೂ ಖಾಲಿ. ನನ್ನ ಹಳೇ ಚೆಸ್ ಬೋರ್ಡ್ ಹುಡುಕಿ ತಂದು, "ಮಾಮಾ, ಆಟಾಮಿಕ್ ಆಡೋಣೇನು?" ಅಂದ.

ಆಟಾಮಿಕ್ ಚೆಸ್ ಅಂದರೆ ಕಾಯಿ ಹೊಡೆದಲ್ಲಿ ಬಾಂಬ್ ಸಿಡಿಯುತ್ತದೆ. ಹೊಡೆದದ್ದೂ ಹೋಯಿತು, ಹೊಡೆಸಿಕೊಂಡದ್ದೂ ಹೋಯಿತು, ಸುತ್ತಲಿನ ಎಂಟು ಮನೆಗಳಲ್ಲಿ ಇದ್ದದ್ದೂ ಹೋಯಿತು. ಪಕ್ಕದಲ್ಲಿ ಸುಮ್ನೆ ನಿಂತ ಸಿಪಾಯಿಗಳು ಮಾತ್ರ ಬದುಕುತ್ತವೆ. ರಾಜ ಸಿಡಿದರೆ ಆಟ ಮುಗೀತು.

ಮೊದಲ ಆಟ ಮೂರೇ ನಡೆ. ಅವನ ಕುದುರೆ ಎರಡು ಸಲ ಜಿಗಿದು, ಮೂರನೇದಕ್ಕೆ ನನ್ನ ರಾಜನ ಓರೆಗೆ ನಿಂತ ಸಿಪಾಯಿಯನ್ನು ಹೊಡೆಯಿತು. ರಾಜ, ಒಂಟೆ, ಕುದುರೆ ಎಲ್ಲ ಒಟ್ಟಿಗೇ ಹೊರಗೆ. ಇಪ್ಪತ್ತು ವರ್ಷ ಚೆಸ್ ಆಡಿದವನು ನಾನು!

ಎರಡನೇ ಆಟದಲ್ಲಿ ಕಣ್ಣಿಟ್ಟು ಆಡಿದೆ. ಕೊನೆಗೆ ನನ್ನ ಹತ್ತಿರ ಮಂತ್ರಿ, ಒಂದು ಸಿಪಾಯಿ ಉಳಿದಿದ್ದವು, ಅವನ ಹತ್ತಿರ ಒಂದು ಆನೆ. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಅವನು ತನ್ನ ರಾಜನನ್ನು ತಂದು ನನ್ನ ರಾಜನ ಮುಂದಿನ ಮನೆಯಲ್ಲೇ ಇಟ್ಟ.

"ರಾಜನ ಪಕ್ಕ ರಾಜ ಹಂಗ ಬರಂಗಿಲ್ಲಲೇ."

"ಇದ್ರಾಗ ಬರ್ತದ ಮಾಮಾ."

ಮಂತ್ರಿಯನ್ನು ಎದುರಿಗೆ ತಂದು "ಚೆಕ್" ಅಂದೆ. ಅವನು ರಾಜನನ್ನು ಮುಟ್ಟಲೇ ಇಲ್ಲ. ಆನೆಯನ್ನು ಆರಾಮಾಗಿ ಪಕ್ಕದ ಸಾಲಿಗೆ ಸರಿಸಿದ. ನನಗೆ ರೇಗಿತು. ಚೆಕ್ ತಪ್ಪಿಸದೆ ಬೇರೆ ಕಾಯಿ ನಡೆಸೋದು ಮೋಸ ಅಲ್ವಾ?

"ಹೊಡಿ ನೋಡಮ್" ಅಂದ. ಹೊಡೆಯಲು ಕೈ ಎತ್ತಿದೆ, ಅಲ್ಲೇ ನಿಂತಿತು. ಅವನ ರಾಜ ಸಿಡಿದರೆ ಪಕ್ಕದಲ್ಲಿರುವ ನನ್ನ ರಾಜನೂ ಸಿಡಿಯುತ್ತಾನೆ, ತನ್ನ ರಾಜನನ್ನು ತಾನೇ ಸಿಡಿಸುವ ನಡೆ ಈ ಆಟದಲ್ಲಿ ಇಲ್ಲ, ಅಂದಮೇಲೆ ಅದು ಚೆಕ್ಕೇ ಅಲ್ಲ. ರಾಜ ಯಾವ ಕಾಯಿಯನ್ನೂ ಹೊಡೆಯುವಂತಿಲ್ಲ, ಹೊಡೆದರೆ ತಾನೇ ಸಾಯುತ್ತಾನೆ, ಅದಕ್ಕೇ ರಾಜರಿಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡು ನಿಲ್ಲಬಹುದು. ಸೋಲುವವನು ಗೆಲ್ಲುವವನ ಮಗ್ಗುಲಲ್ಲೇ ಬಚ್ಚಿಟ್ಟುಕೊಳ್ಳುವ ಉಪಾಯ. ಯಾರು ಯೋಚಿಸಿದರೋ, ಭಾರೀ ತಲೆ!

ಇದು ಅರ್ಥವಾಗಲು ನನಗೆ ಎರಡು ಮಿರ್ಚಿ, ಅರ್ಧ ಪ್ಲೇಟ್ ಒಗ್ಗರಣೆ ಬೇಕಾಯಿತು. ಅರ್ಥವಾದ ಖುಷಿಯಲ್ಲಿ, ಇನ್ನು ನನ್ನ ರಾಜನಿಗೂ ಭಯವಿಲ್ಲ ಅಂತ ಮಂತ್ರಿಯನ್ನು ಬೇರೆ ಕಡೆ ಒಯ್ದೆ.

ಅವನ ಆನೆ ಸರ್ರನೆ ಇಳಿದು ಬಂತು. ನನ್ನ ರಾಜನ ಬೆನ್ನ ಹಿಂದೆ, ಓರೆಗೆ ನಿಂತಿದ್ದ ಸಿಪಾಯಿಯನ್ನು ಹೊಡೆಯಿತು. ಆ ಮನೆ ನನ್ನ ರಾಜನಿಗೆ ತಾಗಿತ್ತು. ಅವನ ರಾಜ ಸಿಡಿತಕ್ಕಿಂತ ಒಂದು ಸಾಲು ಆಚೆ. ಸಿಡಿದದ್ದು ನನ್ನವನು ಮಾತ್ರ. ಇಂಥ ಪೆಟ್ಟಿಗೆ ಚೆಕ್ ಅಂತ ಮೊದಲೇ ಹೇಳುವುದೂ ಇಲ್ಲವಂತೆ.

"ಢಂ" ಅಂತ ಬಾಯಲ್ಲೇ ಸದ್ದು ಮಾಡಿ ನನ್ನ ರಾಜನನ್ನು ಬೆರಳಿನಿಂದ ಚಿಮ್ಮಿದ. ಅದು ಉರುಳಿ ಮಂಚದ ಕೆಳಗೆ ಹೋಯಿತು. ನಾನೇ ಬಗ್ಗಿ ತೆಗೆದೆ, ಧೂಳು ಒರೆಸಿ ಇಟ್ಟೆ. ಮೂರನೇ ಆಟಕ್ಕೂ ಬಿಳಿ ಅವನದೇ. ಅವನ ಕುದುರೆ ಹೊರಗೆ ಬಂದ ತಕ್ಷಣ, ಮೊದಲ ಆಟದಲ್ಲಿ ಏಟು ತಿಂದ ಆ ಸಿಪಾಯಿಯನ್ನೇ ಒಂದು ಮನೆ ಮುಂದಕ್ಕೆ ಸರಿಸಿದೆ.

"ಕಲ್ತಿ ಬಿಡು ಮಾಮಾ" ಅಂದ. ಅಷ್ಟರಲ್ಲಿ ಕರೆಂಟ್ ಬಂತು, ಅವನು ಚಾರ್ಜರ್ ಹುಡುಕಲು ಎದ್ದು ಓಡಿದ.