ಗಡುವಿನ ಮನುಷ್ಯನಿಗೆ ನಿಧಾನದ ಮಾತೇಕೆ?

ದಿನಪತ್ರಿಕೆಯೊಂದರ ರಾತ್ರಿ ಪಾಳಿಯಲ್ಲಿ ಉಪಸಂಪಾದಕನಾಗಿರುವ ನಾನು, ನಿಧಾನದ ಬದುಕಿನ ಬಗ್ಗೆ ಬರೆದ ಲೇಖಕ ಕಾರ್ಲ್ ಒನೊರೆ ಅವರ ಹೆಸರೆತ್ತಿದಾಗಲೆಲ್ಲ ಎದುರಿಗಿದ್ದವರು ಕೇಳುವುದು ಒಂದೇ ಪ್ರಶ್ನೆ: ‘ಎಲ್ಲವನ್ನೂ ನಿಧಾನವಾಗಿ ಮಾಡಿ ಎನ್ನುವವರ ಮಾತು, ಗಡುವಿಗೆ ಕಟ್ಟುಬಿದ್ದು ದುಡಿಯುವ ನಿಮಗೆ ಹೇಗೆ ಹಿಡಿಸಿತು, ಸರ್?’ ಪತ್ರಿಕೋದ್ಯಮದ ವಿದ್ಯಾರ್ಥಿಗಳು ಇದನ್ನು ವಿನಯದಿಂದ ಕೇಳುತ್ತಾರೆ, ಮನೆಯವರು ನಗುತ್ತ ಕೇಳುತ್ತಾರೆ. ಮಾತಿನಲ್ಲಿ ಹೇಳಹೊರಟಾಗ ನನ್ನ ಉತ್ತರ ಪ್ರತಿಸಲವೂ ಅರ್ಧಕ್ಕೇ ನಿಲ್ಲುತ್ತದೆಯಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲನೆಯದಾಗಿ, ಒನೊರೆ ಕೂಡ ಗಡುವಿನವರೇ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಲಂಡನ್ನಿನಲ್ಲಿ ನೆಲೆಸಿದ ಅವರು ಯುರೋಪ್ ಮತ್ತು ದಕ್ಷಿಣ ಅಮೆರಿಕದಿಂದ ಪತ್ರಿಕೆಗಳಿಗೆ ವರದಿ ಕಳಿಸುತ್ತಿದ್ದ ಪತ್ರಕರ್ತರು. ರೋಮ್ ವಿಮಾನ ನಿಲ್ದಾಣದ ಸರದಿಯಲ್ಲಿ ನಿಂತು ಪತ್ರಿಕೆ ತಿರುವಿಹಾಕುತ್ತಿದ್ದಾಗ, ಮಕ್ಕಳಿಗೆ ಮಲಗುವ ಹೊತ್ತಿನಲ್ಲಿ ಹೇಳುವ ಕಥೆಗಳನ್ನು ಒಂದೊಂದು ನಿಮಿಷಕ್ಕೆ ಇಳಿಸಿದ ಪುಸ್ತಕದ ಸಂಗತಿ ಅವರ ಕಣ್ಣಿಗೆ ಬಿತ್ತು. ಕೂಡಲೇ ತರಿಸಿಕೊಳ್ಳಬೇಕೆಂದು ಅವರಿಗೆ ಅನಿಸಿತಂತೆ. ಆ ದಿನಗಳಲ್ಲಿ ಅವರು ಮಗನಿಗೆ ಕಥೆ ಓದುವಾಗ ಸಾಲು ಹಾರಿಸಿ, ಪುಟ ಹಾರಿಸಿ ಮುಗಿಸುತ್ತಿದ್ದರು. ಸ್ನೋ ವೈಟ್ ಕಥೆಯ ಏಳು ಕುಳ್ಳರು ಅವರ ಬಾಯಲ್ಲಿ ಮೂವರಾಗಿದ್ದರು. ಮರುಗಳಿಗೆಯಲ್ಲೇ, ಮಗನಿಗೆ ಕೊಡುವ ಹೊತ್ತಿನಲ್ಲೂ ಮಿಗಿಸಹೊರಟ ತಮ್ಮ ಬಗ್ಗೆ ಅವರಿಗೇ ಗಾಬರಿಯಾಯಿತು. ಆ ಗಾಬರಿಯಿಂದ ಹುಟ್ಟಿದ್ದು 2004ರಲ್ಲಿ ಹೊರಬಂದ ‘ಇನ್ ಪ್ರೈಸ್ ಆಫ್ ಸ್ಲೋ’. ಪುಸ್ತಕಕ್ಕಾಗಿ ಮಾಹಿತಿ ಕಲೆಹಾಕುತ್ತಿದ್ದಾಗಲೇ ಇಟಲಿಯಲ್ಲಿ, ಅದೂ ಫಾಸ್ಟ್ ಫುಡ್‌ಗೆ ಎದುರಾಗಿ ಹುಟ್ಟಿದ ಸ್ಲೋ ಫುಡ್ ಚಳವಳಿಯವರ ಔತಣಕ್ಕೆ ಹೊರಟ ದಾರಿಯಲ್ಲಿ, ಅತಿವೇಗದ ಚಾಲನೆಗೆ ದಂಡ ತೆತ್ತದ್ದನ್ನು ಅವರು ತಾವೇ ಹೇಳಿಕೊಂಡಿದ್ದಾರೆ. ಅವರ ಮೇಲೆ ನನಗೆ ವಿಶ್ವಾಸ ಮೂಡಿದ್ದು ಈ ಪ್ರಸಂಗದಿಂದಲೇ ಇರಬಹುದು.

ಎಲ್ಲವನ್ನೂ ನಿಧಾನವಾಗಿ ಮಾಡಿ ಎಂದು ಅವರು ಎಲ್ಲಿಯೂ ಹೇಳುವುದಿಲ್ಲ. ಐಸ್ ಹಾಕಿ, ಸ್ಕ್ವಾಷ್‌ನಂಥ ಬಿರುಸಿನ ಆಟಗಳನ್ನು ಮೆಚ್ಚಿ ಆಡುವ ಅವರು ಆತುಕೊಂಡಿರುವುದು ‘ಟೆಂಪೊ ಜಿಯುಸ್ತೊ’ ಎಂಬ ಇಟಾಲಿಯನ್ ಸಂಗೀತದ ಮಾತನ್ನು. ತಕ್ಕ ಗತಿ ಎಂದು ಅದರ ಅರ್ಥ. ನಮ್ಮ ಸಂಗೀತಗಾರರು ಕಾಲಪ್ರಮಾಣ ಎನ್ನುವುದು ಇದಕ್ಕೆ ತೀರ ಹತ್ತಿರದ್ದು. ವಿಳಂಬದಲ್ಲಿ ಹಾಡಬೇಕಾದ ಕೃತಿಯನ್ನು ಓಡಿಸಿದರೂ, ದ್ರುತದಲ್ಲಿ ಹಾಡಬೇಕಾದುದನ್ನು ಎಳೆದರೂ ಕಛೇರಿ ಕೆಡುತ್ತದೆ. ಕನ್ನಡದ ‘ಸಾವಧಾನ’ ಎಂಬ ಪದದೊಳಗೇ ಅವಧಾನ, ಅಂದರೆ ಮನಸ್ಸಿಟ್ಟು ನೋಡುವಿಕೆ, ಇದೆ. ಮದುವೆ ಮಂಟಪದಲ್ಲಿ ಪುರೋಹಿತರು ‘ಸುಮುಹೂರ್ತೇ ಸಾವಧಾನ’ ಎನ್ನುವುದು ಮುಹೂರ್ತ ಒಂದು ಗಳಿಗೆಯೂ ಮೀರಬಾರದ ಹೊತ್ತಿನಲ್ಲಲ್ಲವೇ? ಗಡುವಿಗೂ ಸಾವಧಾನಕ್ಕೂ ಜಗಳವಿದೆಯೆಂದು ನಮ್ಮ ಹಿರಿಯರಿಗೆ ತೋರಿದಂತಿಲ್ಲ.

ಇದು ನನಗೆ ಅರ್ಥವಾದದ್ದು ಒಂದು ತಪ್ಪಿನಿಂದ. ಹಲವು ವರ್ಷಗಳ ಹಿಂದೆ ಒಂದು ರಾತ್ರಿ ಬಸ್ ಅಪಘಾತದ ಸುದ್ದಿ ಬಂದಾಗ ಜಿಲ್ಲಾ ಆವೃತ್ತಿಯ ಪುಟ ಹೊರಡಲು ಇಪ್ಪತ್ತು ನಿಮಿಷ ಉಳಿದಿತ್ತು. ಗಾಯಾಳುಗಳ ಪಟ್ಟಿಯಲ್ಲಿದ್ದ ಒಂದು ಹೆಸರು ಮೃತರ ಪಟ್ಟಿಯಲ್ಲೂ ಇತ್ತು. ವರದಿಗಾರ ಅವಸರದಲ್ಲಿ ಎರಡು ಕಡೆ ಬರೆದಿರಬೇಕೆಂದು ನಾನು ಗಾಯಾಳುಗಳ ಪಟ್ಟಿಯಿಂದ ಆ ಹೆಸರನ್ನು ತೆಗೆದು, ಅಲ್ಲಿದ್ದ ವಯಸ್ಸು ಮತ್ತು ಊರನ್ನು ಮೃತರ ಹೆಸರಿನ ಮುಂದೆ ಸೇರಿಸಿದೆ. ಅವರು ಒಂದೇ ಹೆಸರಿನ ಇಬ್ಬರಾಗಿದ್ದರು. ಮರುದಿನ ಬೆಳಿಗ್ಗೆ, ಕೈಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದವರ ಮನೆಗೆ ನೆಂಟರು ಹಾರ ಹಿಡಿದು ಬಂದರು. ವರದಿಗಾರನಿಗೆ ಫೋನ್ ಮಾಡಿ ಕೇಳಲು ಎರಡು ನಿಮಿಷ ಸಾಕಿತ್ತು. ಅದೇ ರಾತ್ರಿ, ಅದೇ ಪುಟದಲ್ಲಿ, ಮಳೆಯ ಸುದ್ದಿಯೊಂದಕ್ಕೆ ಪ್ರಾಸವಿರುವ ಶೀರ್ಷಿಕೆ ಕೂಡಿಸಲು ನಾನು ಹತ್ತು ನಿಮಿಷ ತಿಣುಕಿದ್ದೆ. ಹೊತ್ತು ಸಾಲದೆ ಆದ ತಪ್ಪು ಅದು ಎಂದು ಇಂದಿಗೂ ನನಗೆ ಹೇಳಿಕೊಳ್ಳಲಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಚುರುಕಾದ ವಿದ್ಯಾರ್ಥಿಯೊಬ್ಬರು ಎದ್ದುನಿಂತು, ಹೊತ್ತು ತನ್ನ ಕೈಯಲ್ಲಿರುವವನಿಗೆ ಇದೆಲ್ಲ ಸರಿ, ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ದಿನಸಿ ತಲುಪಿಸಬೇಕಾದ ಹುಡುಗ ಯಾವ ಗತಿಯನ್ನು ಆರಿಸಿಕೊಳ್ಳಬೇಕು ಎಂದು ಕೇಳುತ್ತಾರೆ. ಒನೊರೆ ಅವರ ಮಾತು ನನಗೆ ಸಪ್ಪೆ ಎನಿಸುವುದು ಇಲ್ಲಿಯೇ. ಬದುಕಿನ ವೇಗ ಬಹುಮಟ್ಟಿಗೆ ಅವರವರ ನಿರ್ಧಾರ ಎಂಬಂಥ ಧ್ವನಿ ಅವರ ಬರವಣಿಗೆಯಲ್ಲಿ ಮೇಲಾಗಿದೆ. ಸ್ಲೋ ಫುಡ್ ಚಳವಳಿಯನ್ನು ಕಟ್ಟಿದ ಕಾರ್ಲೊ ಪೆತ್ರಿನಿ ಅವರೂ ಪತ್ರಕರ್ತರೇ, ಇಟಲಿಯ ಬ್ರಾ ಎಂಬ ಸಣ್ಣ ಊರಿನವರು. ಈ ವಿಷಯದಲ್ಲಿ ಅವರ ದಾರಿ ಹೆಚ್ಚು ಗಟ್ಟಿ. 1986ರಲ್ಲಿ ರೋಮ್‌ನ ಪಿಯಾತ್ಸಾ ದಿ ಸ್ಪಾನ್ಯಾ ಚೌಕದಲ್ಲಿ ಮೆಕ್‌ಡೊನಾಲ್ಡ್ಸ್ ಮಳಿಗೆ ತೆರೆದುದಕ್ಕೆ ಎದ್ದ ಪ್ರತಿಭಟನೆಯಿಂದ ಬೆಳೆದ ಆ ಚಳವಳಿ, ಊಟ ರುಚಿಯಾಗಿರಬೇಕು, ಶುಚಿಯಾಗಿರಬೇಕು ಎಂದಷ್ಟೇ ಹೇಳದೆ ನ್ಯಾಯವಾಗಿರಬೇಕು ಎಂದೂ ಸೇರಿಸಿತು. ಬೆಳೆದವನಿಗೆ ಸಿಗುವ ಬೆಲೆ ಆ ಮೂರನೆಯ ಮಾತಿನೊಳಗೆ ಬರುತ್ತದೆ. 1999ರಲ್ಲಿ ಇಟಲಿಯ ನಾಲ್ಕು ಊರುಗಳ ಮೇಯರ್‌ಗಳು ಸೇರಿ ಕಟ್ಟಿದ ಚಿತ್ತಾಸ್ಲೋ, ಅಂದರೆ ನಿಧಾನದ ಊರುಗಳ ಕೂಟ, ಐವತ್ತು ಸಾವಿರದೊಳಗಿನ ಜನಸಂಖ್ಯೆಯ ಊರುಗಳಲ್ಲಿ ವಾಹನ, ಗದ್ದಲಗಳ ಹತೋಟಿಯನ್ನು ಪುರಸಭೆಯ ಕೆಲಸವಾಗಿಸಿತು. ಫ್ರಾನ್ಸ್ 2017ರ ಜನವರಿ 1ರಿಂದ, ಐವತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಕೆಲಸದ ಹೊತ್ತಿನಾಚೆಗಿನ ಫೋನು, ಇಮೇಲುಗಳ ಬಗ್ಗೆ ನೌಕರರ ಪ್ರತಿನಿಧಿಗಳೊಂದಿಗೆ ಮಾತುಕತೆ ನಡೆಸಲೇಬೇಕೆಂದು ಕಾನೂನು ತಂದಿತು. ದಿನಸಿ ತರುವ ಹುಡುಗನಿಗೆ ಬೇಕಾಗಿರುವುದು ಈ ಜಾತಿಯ ನಿಧಾನ. ಅವನಿಗೆ ಉಸಿರಾಟದ ವ್ಯಾಯಾಮ ಹೇಳಿಕೊಡುವುದು ಕುಚೋದ್ಯವಾದೀತು.

ನಮ್ಮ ಡೆಸ್ಕಿನಲ್ಲಿ ಆದದ್ದೂ ಇಂಥದೇ. ಆ ಅಪಘಾತದ ಸುದ್ದಿಗೆ ತಿದ್ದುಪಡಿ ಹಾಕಿದ ದಿನ ನಾನು ಇನ್ನು ಮುಂದೆ ಹುಷಾರಾಗಿರುತ್ತೇನೆ ಎಂದೆ. ಸಂಪಾದಕರು ಆ ಮಾತಿಗೆ ಹೆಚ್ಚು ಬೆಲೆ ಕೊಟ್ಟಂತೆ ಕಾಣಲಿಲ್ಲ. ಮೃತರ ಹೆಸರುಗಳನ್ನು ಇನ್ನೊಬ್ಬರು ಫೋನಿನಲ್ಲಿ ಖಚಿತಪಡಿಸಿಕೊಳ್ಳದೆ ಪುಟ ಹೋಗಕೂಡದೆಂದು ನಿಯಮ ಮಾಡಿ, ಅದಕ್ಕಾಗಿ ಆ ಆವೃತ್ತಿಯ ಗಡುವನ್ನೇ ಹತ್ತು ನಿಮಿಷ ಮುಂದೆ ಹಾಕಿಸಿದರು. ಮುದ್ರಣ ವಿಭಾಗದವರು ಒಂದು ವಾರ ಗೊಣಗಿದರು.